ಇಂಗ್ಲೆಂಡಿನಲ್ಲಿ ಮೊದಲ ಸಲ ಬೆಕ್ಕು ಸಾಕುವ ಶಿರಸಿ, ಕಾರವಾರದವರಿಗೆ

ಶಿರಸಿ ಕಡೆ ಬೆಕ್ಕನ್ನು ಯಾರೂ ತರುವುದಿಲ್ಲ, ಅದೇ ಬರುತ್ತದೆ. ಅಟ್ಟದ ಮೇಲೆ ಮರಿ ಹಾಕುತ್ತದೆ, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆ ಬಾಗಿಲಲ್ಲಿ ಹಾಜರು. ಕಾರವಾರದ ಮೀನು ಮಾರ್ಕೆಟ್ಟಿನ ಬೆಕ್ಕುಗಳಿಗಂತೂ ಊರೆಲ್ಲ ಯಜಮಾನರೇ. ಇಂಗ್ಲೆಂಡಿನಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಬೆಕ್ಕಿನ ಹೊಣೆ ಯಾರದು ಅನ್ನುವುದು ಹೆಸರು, ವಿಳಾಸ ಸಮೇತ ದಾಖಲಾಗಿರಬೇಕು.

ಬಾಡಿಗೆ ಮನೆಯಲ್ಲಿದ್ದರೆ ಮೊದಲು ಮನೆ ಮಾಲೀಕರ ಒಪ್ಪಿಗೆ ತೆಗೆದುಕೊಳ್ಳಿ. 2026ರ ಮೇ 1ರಿಂದ ಜಾರಿಯಾಗುವ ಕಾನೂನಿನ ಪ್ರಕಾರ, ನೀವು ಬರವಣಿಗೆಯಲ್ಲಿ ಕೇಳಿದರೆ ಅವರು ಸಾಮಾನ್ಯವಾಗಿ 28 ದಿನದೊಳಗೆ ಉತ್ತರ ಕೊಡಬೇಕು. ಸರಿಯಾದ ಕಾರಣ ಇಲ್ಲದೆ ಬೇಡ ಅನ್ನುವಂತಿಲ್ಲ.

ಮರಿ ಎಲ್ಲಿಂದ ತರುವುದು? ಆರು ತಿಂಗಳೊಳಗಿನ ಮರಿಯನ್ನು ಅಂಗಡಿಗಳು ಮಾರುವುದಕ್ಕೆ 2020ರಿಂದ ಇಲ್ಲಿ ನಿಷೇಧವಿದೆ. ಸಾಕಿದವರ ಮನೆಗೇ ಹೋಗಿ, ತಾಯಿ ಬೆಕ್ಕಿನ ಜೊತೆ ಮರಿಯನ್ನು ನೋಡಿ ತರಬೇಕು. ಇಲ್ಲವೇ ಬೆಕ್ಕುಗಳಿಗೆ ಆಶ್ರಯ ಕೊಡುವ ಕ್ಯಾಟ್ಸ್ ಪ್ರೊಟೆಕ್ಷನ್‌ನಂಥ ಸಂಸ್ಥೆಯಿಂದ ದತ್ತು ತೆಗೆದುಕೊಳ್ಳಬಹುದು. ಮೊದಲ ಸಲದವರಿಗೆ ನಾನು ಹೇಳುವುದು ಎರಡನೆಯದನ್ನೇ. ಸಂಸ್ಥೆಯವರು ಮನೆ ಹತ್ತಿರ ದೊಡ್ಡ ರಸ್ತೆ ಇದೆಯಾ, ಚಿಕ್ಕ ಮಕ್ಕಳಿದ್ದಾರಾ ಅಂತೆಲ್ಲ ಕೇಳುತ್ತಾರೆ. ಹೆಣ್ಣು ನೋಡಲು ಬಂದವರೂ ಅಷ್ಟು ಕೇಳಲಿಕ್ಕಿಲ್ಲ. ಆದರೆ ಗುರುತಿನ ಚಿಪ್, ಲಸಿಕೆ, ಮಕ್ಕಳಾಗದ ಆಪರೇಷನ್ ಸಾಮಾನ್ಯವಾಗಿ ಅವರೇ ಮುಗಿಸಿ ಕೊಡುತ್ತಾರೆ.

ಚಿಪ್ ಈಗ ಕಡ್ಡಾಯ. 2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಬೆಕ್ಕಿಗೆ 20 ವಾರ ತುಂಬುವುದರೊಳಗೆ ಮೈಕ್ರೋಚಿಪ್ ಹಾಕಿಸಬೇಕು. ಮನೆಯಿಂದ ಹೊರಗೇ ಹೋಗದ ಬೆಕ್ಕಿಗೂ ಇದು ಅನ್ವಯ. ಅಕ್ಕಿ ಕಾಳಿನಷ್ಟು ದೊಡ್ಡದು, ಹೆಗಲ ನಡುವೆ ಚರ್ಮದಡಿ ಸೂಜಿಯಲ್ಲಿ ಹಾಕುತ್ತಾರೆ. ಸ್ಕ್ಯಾನರ್ ಹಿಡಿದರೆ 15 ಅಂಕಿಯ ನಂಬರ್ ಕಾಣುತ್ತದೆ, ಅಷ್ಟೇ. ನಿಮ್ಮ ಹೆಸರು, ಫೋನ್ ನಂಬರ್ ಇರುವುದು ಚಿಪ್ಪಿನಲ್ಲಲ್ಲ, ಡೇಟಾಬೇಸಿನಲ್ಲಿ. ಹಾಗಾಗಿ ಮನೆ ಬದಲಿಸಿದಾಗ ಅಲ್ಲಿಯೂ ವಿಳಾಸ ಬದಲಿಸಬೇಕು. ಚಿಪ್ ಇಲ್ಲದ್ದು ಗೊತ್ತಾದರೆ ಹಾಕಿಸಲು 21 ದಿನ ಕೊಡುತ್ತಾರೆ. ಆಮೇಲೂ ಹಾಕಿಸದಿದ್ದರೆ 500 ಪೌಂಡ್‌ವರೆಗೆ ದಂಡ.

ನಮ್ಮಲ್ಲಿ ತಾಲೂಕಿಗೆ ಒಂದು ಸರಕಾರಿ ಪಶು ಆಸ್ಪತ್ರೆ ಇರುತ್ತದೆ ಅಲ್ವಾ? ಇಲ್ಲಿ ಎನ್‌ಎಚ್‌ಎಸ್, ಅಂದರೆ ಸರಕಾರಿ ಆರೋಗ್ಯ ಸೇವೆ, ಇರುವುದು ಮನುಷ್ಯರಿಗೆ ಮಾತ್ರ. ವೆಟ್ (ಪಶುವೈದ್ಯರು) ಎಂದರೆ ಖಾಸಗಿಯೇ, ಮಾತಾಡಿಸಿದ್ದಕ್ಕೂ ಫೀಸು. ಮರಿ ಬಂದ ವಾರವೇ ಹತ್ತಿರದ ವೆಟ್ ಬಳಿ ಹೆಸರು ಬರೆಸಿ. ಮೊದಲ ಲಸಿಕೆ ಎಂಟು-ಒಂಬತ್ತು ವಾರಕ್ಕೆ, ಎರಡನೆಯದು ಹನ್ನೆರಡು ವಾರದ ಹೊತ್ತಿಗೆ. ಆಪರೇಷನ್‌ಗೆ ನಾಲ್ಕು ತಿಂಗಳು ಸರಿಯಾದ ಹೊತ್ತು. ಬ್ರಿಟನ್ನಿನೊಳಗೇ ಇರುವ ಬೆಕ್ಕಿಗೆ ರೇಬೀಸ್ ಚುಚ್ಚುಮದ್ದು ಬೇಕಿಲ್ಲ, ನಮ್ಮವರಿಗೆ ಇದು ವಿಚಿತ್ರ ಅನಿಸುತ್ತದೆ. ಇನ್ಶೂರೆನ್ಸ್ ಕಡ್ಡಾಯವಲ್ಲ, ಆದರೂ ಮರಿ ಗಟ್ಟಿಯಾಗಿರುವಾಗಲೇ ಮಾಡಿಸಿ. ಕಾಯಿಲೆ ಬಂದಮೇಲೆ ಮಾಡಿಸಿದರೆ ಸಾಮಾನ್ಯವಾಗಿ ಆ ಕಾಯಿಲೆಗೆ ದುಡ್ಡು ಬರುವುದಿಲ್ಲ. ಲಸಿಕೆ, ಆಪರೇಷನ್ ಖರ್ಚು ಹೇಗೂ ನಿಮ್ಮದೇ.

ಇನ್ನು ಊಟ. ಮೀನು ತಿನ್ನುವ ಕರಾವಳಿಯವರಿಗೆ ಇದರಲ್ಲಿ ತಲೆಬಿಸಿ ಕಡಿಮೆ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಮಾತ್ರ ದೊಡ್ಡ ಚರ್ಚೆ. 'ನಮ್ಮನೆ ಬೆಕ್ಕು ಮೊಸರನ್ನ ತಿಂದೇ ಬದುಕಿತ್ತಲ್ಲ' ಎಂದು ಊರಿಂದ ಅಮ್ಮ ಫೋನಿನಲ್ಲಿ ಹೇಳುತ್ತಾರೆ. ಮೊಸರನ್ನ ತಿಂದ ಮೇಲೆ ಅದು ಹಿತ್ತಲಿಗೆ ಹೋಗಿ ಇಲಿ, ಹಲ್ಲಿ ತಿಂದದ್ದನ್ನು ಯಾರೂ ಲೆಕ್ಕ ಇಡಲಿಲ್ಲ! ಫ್ಲ್ಯಾಟಿನಲ್ಲಿ ಕೂತ ಬೆಕ್ಕಿಗೆ ಅದೆಲ್ಲ ಸಿಗದು. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಾಕಷ್ಟು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಪ್ರಾಣಿಗೆ ತಕ್ಕ ಆಹಾರ ಕೊಡುವುದು 2006ರ ಪ್ರಾಣಿ ಕಲ್ಯಾಣ ಕಾಯ್ದೆ ಪ್ರಕಾರ ಮಾಲೀಕರ ಕರ್ತವ್ಯವೂ ಹೌದು. ಮಾಂಸದ ಪೊಟ್ಟಣ ಒಡೆಯಲು ಮನಸ್ಸಿಲ್ಲದಿದ್ದರೆ ಬೆಕ್ಕಿಗೆಂದೇ ಮಾಡಿದ ಒಣ ಬಿಸ್ಕಿಟ್ ಥರದ್ದು ತನ್ನಿ, ವಾಸನೆ ಕಡಿಮೆ. ಅದರ ಬಟ್ಟಲು, ಚಮಚ ಬೇರೆ ಇಟ್ಟು ಅಡಿಗೆಮನೆಯಿಂದ ಆಚೆ ಹಾಕಿದರೆ ಮನೆಯಲ್ಲಿ ಜಗಳವೂ ಇಲ್ಲ. ಪೊಟ್ಟಣದ ಮೇಲೆ 'ಕಂಪ್ಲೀಟ್' ಎಂದಿರುವುದು ದಿನದ ಊಟ, 'ಕಾಂಪ್ಲಿಮೆಂಟರಿ' ಎಂದಿರುವುದು ಸುಮ್ನೆ ತಿಂಡಿ. ಹಾಲು ಬೇಡ, ಹೆಚ್ಚಿನ ಬೆಕ್ಕುಗಳಿಗೆ ಭೇದಿ ಆಗುತ್ತದೆ. ನೀರು ಸಾಕು.

ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಯಾವುದನ್ನೂ ಕೊಡಬೇಡಿ. ಪ್ಯಾರಸಿಟಮಾಲ್ ಒಂದು ಮಾತ್ರೆ ಸಾಕು, ಜೀವ ಹೋಗಬಹುದು. ನಾಯಿಗೆ ಹಾಕುವ ಚಿಗಟದ ಔಷಧಿ ಬೆಕ್ಕಿಗೆ ವಿಷವಾಗಬಹುದು. ಯಾರೋ ಪ್ರೀತಿಯಿಂದ ತಂದ ಹೂಗುಚ್ಛದಲ್ಲಿ ಲಿಲಿ ಇದ್ದರೆ ಹೊರಗೆ ಹಾಕಿ. ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ.

ಮೊದಲ ದಿನಗಳಲ್ಲಿ ಒಂದೇ ಕೋಣೆಯಲ್ಲಿ ಇಡಿ. ಮಂಚದಡಿ ಅಡಗಿ ಕೂತರೆ ಎಳೆಯಬೇಡಿ, ಹಸಿವಾದಾಗ ತಾನೇ ಬರುತ್ತದೆ. ಹೊರಗೆ ಬಿಡುವುದು ಮೂರ್ನಾಲ್ಕು ವಾರದ ಮೇಲೆ. ಮರಿಯಾದರೆ ಲಸಿಕೆ, ಆಪರೇಷನ್ ಎರಡೂ ಮುಗಿದಿರಬೇಕು.

ಊರಿನ ಬೆಕ್ಕನ್ನೇ ತರೋಣ ಅನ್ನುವವರಿಗೆ ಒಂದು ಮಾತು. ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ, 30 ದಿನ ಕಳೆದು ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಖರ್ಚೂ ಜಾಸ್ತಿ.

ನೀವೇ ಮಾರಿಕಾಂಬಾ ಜಾತ್ರೆಗೆ ಊರಿಗೆ ಹೊರಟರೆ ಬೆಕ್ಕನ್ನು ಕ್ಯಾಟರಿಯಲ್ಲಿ, ಅಂದರೆ ದುಡ್ಡು ತೆಗೆದುಕೊಂಡು ಬೆಕ್ಕು ನೋಡಿಕೊಳ್ಳುವ ಜಾಗದಲ್ಲಿ, ಬಿಡಬಹುದು. ಅದಕ್ಕೆ ಕೌನ್ಸಿಲ್ (ಸ್ಥಳೀಯ ಆಡಳಿತ) ಲೈಸೆನ್ಸ್ ಇದೆಯಾ ನೋಡಿ, ವಿಮಾನದ ಟಿಕೆಟ್ ಮಾಡುವಾಗಲೇ ಜಾಗ ಹಿಡಿದಿಡಿ. ಅಲ್ಲಿ ಲಸಿಕೆ ಕಾರ್ಡ್ ಕೇಳುತ್ತಾರೆ. ಬೂಸ್ಟರ್ (ಆಮೇಲೆ ಮತ್ತೆ ಹಾಕಿಸುವ ಲಸಿಕೆ) ತಪ್ಪಿದ್ದರೆ ಒಳಗೇ ಸೇರಿಸುವುದಿಲ್ಲ.