ಕರುಳಿನ ತುಂಡನ್ನು ನಿಲ್ಲಿಸಿ ನೋಡಲು ಕಲಿತದ್ದು

ಪೆಥಾಲಜಿ ಕಲಿಯಲೆಂದು ಶಿರಸಿಯಿಂದ ಮುಂಬಯಿಯ ಪರೇಲಿಗೆ ಬಂದಾಗ, ಜೀರ್ಣಾಂಗದ ಗೋಡೆಗೆ ನಾಲ್ಕು ಪದರಗಳಿವೆ ಎಂಬುದು ನನಗೆ ಪರೀಕ್ಷೆಯ ಉತ್ತರವಾಗಿ ಮಾತ್ರ ಗೊತ್ತಿತ್ತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕರುಳನ್ನು, ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವದಿಂದ ಎತ್ತಿ, ಕತ್ತರಿಯಿಂದ ಉದ್ದಕ್ಕೆ ಸೀಳಿ, ಹಲಗೆಯ ಮೇಲೆ ಹರಡಿ, ಉದ್ದನೆಯ ಚಾಕುವಿನಿಂದ ಒಮ್ಮೆಗೇ ಅಡ್ಡ ಕೊಯ್ದಾಗ ಅವು ಮೊದಲ ಸಲ ಕಣ್ಣಿಗೆ ಬಿದ್ದವು. ಒಳಗೆ ಕಂದು ಬಣ್ಣದ ತೆಳು ಮ್ಯೂಕೋಸಾ, ಅಂದರೆ ಲೋಳೆಪದರ. ಅದರಡಿಯಲ್ಲಿ ಹತ್ತಿಯಂತೆ ಬೆಳ್ಳಗಿನ ಸಬ್‌ಮ್ಯೂಕೋಸಾ. ಆಮೇಲೆ ಬೂದು ಬಣ್ಣದ ದಪ್ಪ ಸ್ನಾಯು. ಎಲ್ಲಕ್ಕಿಂತ ಹೊರಗೆ, ದೀಪದ ಬೆಳಕಿಗೆ ಮಿಂಚುವ ಸೀರೋಸಾ ಎಂಬ ಪೊರೆ. ಬಾಳೆಯ ಕಂಬವನ್ನು ಅಡ್ಡ ಕಡಿದಾಗ ಪಟ್ಟೆಯೊಳಗೊಂದು ಪಟ್ಟೆ ಕಾಣುವುದನ್ನು ನೋಡಿ ಬೆಳೆದವನಿಗೆ ಅದನ್ನು ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ.

ಆದರೆ ಕಂಬದ ಪಟ್ಟೆಗಳೆಲ್ಲ ಒಂದೇ ತರಹದವು, ಕರುಳಿನ ಪದರಗಳು ಹಾಗಲ್ಲ. ಬೆರಳಿನಿಂದ ಒತ್ತಿ ನೋಡಿದರೆ ಮ್ಯೂಕೋಸಾ ಸ್ನಾಯುವಿನ ಮೇಲೆ ಜಾರುತ್ತದೆ. ಆ ಜಾರುವಿಕೆಗೆ ಎಡೆ ಕೊಡುವುದು ಸಬ್‌ಮ್ಯೂಕೋಸಾ. ಎಲ್ಲೋ ಒಂದು ಕಡೆ ಜಾರುವುದು ನಿಂತು ಮೇಲಿನದು ಕೆಳಗಿನದಕ್ಕೆ ಅಂಟಿಕೊಂಡಂತಿದ್ದರೆ, ಗಡ್ಡೆ ಅಲ್ಲಿ ಕೆಳಕ್ಕೆ ಬೇರು ಬಿಟ್ಟಿದೆ ಎಂಬ ಶಂಕೆ ಸೂಕ್ಷ್ಮದರ್ಶಕಕ್ಕೆ ಮೊದಲೇ ಬೆರಳಿಗೆ ಬರುತ್ತದೆ. ನೋಡಲು ಮೆದುವಾದ ಈ ಪದರವೇ ಇಡೀ ಗೋಡೆಯಲ್ಲಿ ಗಟ್ಟಿ. ಕರುಳಿಗೆ ಹಾಕುವ ಹೊಲಿಗೆ ನಿಲ್ಲುವುದು ಸಬ್‌ಮ್ಯೂಕೋಸಾವನ್ನು ಹಿಡಿದರೆ ಮಾತ್ರ ಎಂದು ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ 1887ರಲ್ಲಿಯೇ ತೋರಿಸಿದ್ದರು. ಕ್ಯಾಟ್‌ಗಟ್ ಎಂಬ ಹಳೆಯ ಹೊಲಿಗೆ ದಾರಕ್ಕೂ ಬೆಕ್ಕಿಗೂ ಸಂಬಂಧವಿಲ್ಲ; ಅದನ್ನು ಮಾಡುತ್ತಿದ್ದುದು ಹೆಚ್ಚಾಗಿ ಕುರಿಯ ಕರುಳಿನ ಇದೇ ಪದರದಿಂದ.

ಮ್ಯೂಕೋಸಾದ ತಳದಲ್ಲಿ ನೂಲೆಳೆಯಷ್ಟು ತೆಳ್ಳಗಿನ ಇನ್ನೊಂದು ಸ್ನಾಯು ಇದೆ, ಮಸ್ಕ್ಯುಲಾರಿಸ್ ಮ್ಯೂಕೋಸಿ. ನಮ್ಮ ಕೆಲಸದಲ್ಲಿ ಹೊಲದ ಬದುವಿನಂತೆ ನಿಲ್ಲುವುದು ಇದೇ. ಗಾಯ ಬದುವಿನ ಈಚೆಗೇ ನಿಂತರೆ ಅದು ಎರೋಷನ್, ಅಂದರೆ ಮೇಲಿನ ಸವೆತ; ಬದುವನ್ನು ದಾಟಿದರೆ ಮಾತ್ರ ಅಲ್ಸರ್. ಎಂಡೋಸ್ಕೋಪಿ ಮಾಡಿಸಿಕೊಂಡು ಬಂದ ನೆಂಟರಿಷ್ಟರು ಎರಡನ್ನೂ ‘ಹುಣ್ಣು’ ಎಂದು ಹೇಳಿಕೊಳ್ಳುವುದನ್ನು ಕೇಳಿ ನಾನು ಈಗ ಸುಮ್ಮನಿರುತ್ತೇನೆ, ಆದರೆ ವರದಿಯಲ್ಲಿ ಹಾಗೆ ಬರೆಯಲಾಗದು. ಅಲ್ಸರ್ ರಕ್ತ ಕಾರಿಸಬಲ್ಲದು, ಜಠರವನ್ನು ತೂತು ಮಾಡಬಲ್ಲದು, ವಾಸಿಯಾದ ಮೇಲೂ ಕಲೆ ಉಳಿಸುತ್ತದೆ. ಎರೋಷನ್ ಸಾಮಾನ್ಯವಾಗಿ ಗುರುತಿಲ್ಲದಂತೆ ಮಾಯುತ್ತದೆ.

ನರಗಳಿಗೂ ಪದರದ ಲೆಕ್ಕವಿದೆ. ಒಂದು ಜಾಲ ಸಬ್‌ಮ್ಯೂಕೋಸಾದಲ್ಲಿ, ಇನ್ನೊಂದು ಉಂಗುರದಂತೆ ಸುತ್ತುವ ಸ್ನಾಯುವಿಗೂ ಉದ್ದಕ್ಕೆ ಹರಿಯುವ ಸ್ನಾಯುವಿಗೂ ನಡುವೆ. ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಶಿಶುಗಳಲ್ಲಿ ದೊಡ್ಡ ಕರುಳಿನ ಕೊನೆಯ ಭಾಗದ ಈ ಎರಡೂ ಜಾಲಗಳಲ್ಲಿ ಗ್ಯಾಂಗ್ಲಿಯಾನ್ ಎಂಬ ನರಕೋಶಗಳೇ ಇರುವುದಿಲ್ಲ. ಹೀಗಾಗಿ ಅಂತಹ ಮಗುವಿನ ಬಯಾಪ್ಸಿಯಲ್ಲಿ ಸಬ್‌ಮ್ಯೂಕೋಸಾ ಸಾಕಷ್ಟು ಬಂದಿರದಿದ್ದರೆ, ಕೋಶ ಕಾಣಲಿಲ್ಲ ಎಂಬ ಮಾತಿಗೆ ಅರ್ಥವೇ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಎರಡನೆಯ ವರ್ಷದಲ್ಲಿ ನಾನು ಎಡವಿದೆ. ಆರು ವರ್ಷದ ಹುಡುಗಿಯೊಬ್ಬಳ ಡುವೊಡಿನಮ್ಮಿನ, ಅಂದರೆ ಸಣ್ಣ ಕರುಳಿನ ಮೊದಲ ಭಾಗದ, ಬಯಾಪ್ಸಿ ಬಂದಿತ್ತು. ತೂಕ ಏರುತ್ತಿಲ್ಲ, ಆಗಾಗ ಭೇದಿ ಎಂದು ಚೀಟಿಯಲ್ಲಿತ್ತು. ಸ್ಲೈಡಿನಲ್ಲಿ, ಬೆರಳುಗಳಂತೆ ಎದ್ದು ನಿಲ್ಲಬೇಕಾದ ವಿಲ್ಲೈಗಳು ಕಾಣಲಿಲ್ಲ. ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ವಿಲ್ಲೈಗಳು ಹೀಗೆಯೇ ಚಪ್ಪಟೆಯಾಗುತ್ತವೆ. ನಾನು ಉತ್ಸಾಹದಿಂದ ಅದನ್ನೇ ಬರೆದು ಮೇಡಂ ಮುಂದಿಟ್ಟೆ. ಅವರು ಅರ್ಧ ನಿಮಿಷ ನೋಡಿ, “ನೀವು ವಿಲ್ಲೈ ನೋಡಿದ್ದೀರೋ, ವಿಲ್ಲೈಯ ಬುಡವನ್ನು ನೋಡಿದ್ದೀರೋ?” ಎಂದು ಕೇಳಿದರು. ಇನ್ನೊಮ್ಮೆ ನೋಡಿದಾಗ ಗ್ರಂಥಿಗಳು ಜೇನುಗೂಡಿನ ಕಣ್ಣುಗಳಂತೆ ದುಂಡುದುಂಡಾಗಿ ಕಾಣುತ್ತಿದ್ದವು. ನೆಟ್ಟಗೆ ಕತ್ತರಿಸಿದ್ದರೆ ಅವು ಪರೀಕ್ಷಾನಳಿಕೆಗಳಂತೆ ಸಾಲಾಗಿ ನಿಂತಿರಬೇಕಿತ್ತು. ಎರಡು ಮಿಲಿಮೀಟರಿನ ಆ ತುಂಡನ್ನು ಮೇಣದಲ್ಲಿ ಮಲಗಿಸಿ ಕೂರಿಸಿದ್ದರಿಂದ, ಬ್ಲೇಡು ಗೋಡೆಯನ್ನು ಅಡ್ಡ ಸೀಳುವ ಬದಲು ಒಂದೇ ಮಟ್ಟದಲ್ಲಿ ಹೆರೆದಿತ್ತು. ಮೇಣ ಕರಗಿಸಿ, ತುಂಡನ್ನು ಎತ್ತಿ ನಿಲ್ಲಿಸಿ, ಮತ್ತೆ ನಾಲ್ಕು ಮೈಕ್ರಾನಿನ ಹಾಳೆಗಳನ್ನು ಕತ್ತರಿಸಿದಾಗ ವಿಲ್ಲೈಗಳು ಗ್ರಂಥಿಗಳ ಆಳದ ಮೂರು ಪಟ್ಟಿಗೂ ಹೆಚ್ಚು ಎತ್ತರವಾಗಿ ನಿಂತಿದ್ದವು. ರಕ್ತಪರೀಕ್ಷೆಯೂ ಸರಿಯಾಗಿಯೇ ಬಂತು. ಮೂರು ಹೊತ್ತೂ ಚಪಾತಿ ಬೇಯುವ ಮನೆಯ ಆ ಮಗುವಿಗೆ ಜೀವನವಿಡೀ ಗೋಧಿ ತಪ್ಪಿಸುವ ಕಾಗದಕ್ಕೆ ನಾನು ಸಹಿ ಹಾಕುವುದರಲ್ಲಿದ್ದೆ.

ಅಂದಿನಿಂದ ಬೆಳಿಗ್ಗೆ ಸ್ಲೈಡುಗಳಿಗಿಂತ ಮೊದಲು ಮೇಣದ ಮೇಜಿನ ಬಳಿಗೆ ಹೋಗುವುದು ನನ್ನ ರೂಢಿಯಾಯಿತು. ನಮ್ಮ ಟೆಕ್ನಿಷಿಯನ್ ಈಗ ಚಿಮಟದಲ್ಲಿ ತುಂಡು ಹಿಡಿದು ತಾನಾಗಿಯೇ “ಉಭಾ ಕೀ ಆಡವಾ?” ಎಂದು ಮರಾಠಿಯಲ್ಲಿ ಕೇಳುತ್ತಾನೆ, ನಿಲ್ಲಿಸಲೋ, ಅಡ್ಡ ಮಲಗಿಸಲೋ ಎಂದರ್ಥ. ಎಂಡೋಸ್ಕೋಪಿ ಮಾಡುವವರಿಗೂ, ತುಂಡನ್ನು ಸೋಸುಕಾಗದದ ಮೇಲೆ ಲೋಳೆಮುಖ ಮೇಲಾಗಿ ಅಂಟಿಸಿಯೇ ಫಾರ್ಮಲಿನ್ನಿಗೆ ಹಾಕಿ ಎಂದು ಹೇಳಿ ಹೇಳಿ ಒಪ್ಪಿಸಿದ್ದೇನೆ.

ಮುಂಬಯಿಯಲ್ಲಿ ಕರುಳು ನೋಡುವವನಿಗೆ ಅತಿ ಹೆಚ್ಚು ತಲೆಬಿಸಿ ಕೊಡುವುದು ಕ್ಷಯ ಮತ್ತು ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಗಳ ನಡುವಿನ ವ್ಯತ್ಯಾಸ. ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ, ಎರಡೂ ಗೋಡೆಯನ್ನು ಒಳಗಿನಿಂದ ಹೊರಗಿನವರೆಗೆ ಕೊರೆಯುತ್ತವೆ, ಎರಡರಲ್ಲೂ ಗ್ರಾನುಲೋಮಾ ಎಂಬ ಕೋಶಗಳ ಗಂಟುಗಳಿರಬಹುದು. ದೊಡ್ಡ ಕರುಳಿನ ಇನ್ನೊಂದು ಉರಿಯೂತವಾದ ಅಲ್ಸರೇಟಿವ್ ಕೊಲೈಟಿಸ್ ಈ ಮಟ್ಟಿಗೆ ಸಜ್ಜನ. ಅದು ಬಹುಮಟ್ಟಿಗೆ ಮ್ಯೂಕೋಸಾದಲ್ಲೇ ಉಳಿಯುತ್ತದೆ. ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ, ಕುಂದಾಪುರದ ಕಡೆಯ ಯುವಕನೊಬ್ಬನ ಬಯಾಪ್ಸಿ ನನ್ನ ಮೇಜಿಗೆ ಬಂದಾಗ, ವರದಿಯಲ್ಲಿ ಕನ್ನಡದ ಹೆಸರು ಕಂಡು ಅವನ ಅಣ್ಣ ಪ್ರಯೋಗಾಲಯವನ್ನೇ ಹುಡುಕಿಕೊಂಡು ಬಂದ. “ಡಾಕ್ಟ್ರೇ, ಒಂದು ಮಾತು ಹೇಳಿ, ಟೀಬಿಯೋ ಬೇರೆಯೋ?” ಎಂದ. ಹೇಳಲು ನನ್ನ ಬಳಿ ಏನೂ ಇರಲಿಲ್ಲ: ಬಂದಿದ್ದ ನಾಲ್ಕು ತುಂಡುಗಳಲ್ಲಿಯೂ ಬರೀ ಮ್ಯೂಕೋಸಾ, ಅದರಲ್ಲಿ ಒಂದೇ ಒಂದು ಪುಟ್ಟ ಗ್ರಾನುಲೋಮಾ. ಊಹೆಯ ಮೇಲೆ ಕ್ರೋನ್ಸ್ ಎಂದು ಬರೆದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಶುರುವಾಗುತ್ತಿತ್ತು. ಒಳಗಿರುವುದು ಕ್ಷಯವಾಗಿದ್ದರೆ ಅದು ಬೆಂಕಿಗೆ ಗಾಳಿ ಹಾಕಿದಂತೆ.

ಈ ತುಂಡುಗಳಿಂದ ನಿರ್ಧರಿಸಲು ಆಗದು, ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಆಳವಾಗಿ, ಹೆಚ್ಚು ತುಂಡುಗಳನ್ನು ತೆಗೆಯಿರಿ, ಎರಡನ್ನು ಫಾರ್ಮಲಿನ್ನಿಗೆ ಹಾಕದೆ ರೋಗಾಣು ಬೆಳೆಸಿ ನೋಡುವ ಕಲ್ಚರಿಗೆ ಕಳುಹಿಸಿ ಎಂದು ಬರೆದು, ಫೋನಿನಲ್ಲಿಯೂ ಹೇಳಿದೆ. ಹುಣ್ಣುಗಳು ಕರುಳಿನ ಸುತ್ತಳತೆಯ ಉದ್ದಕ್ಕೆ ಉಂಗುರದಂತಿವೆಯೇ ಎಂದು ಕೇಳಿದಾಗ ಹೌದು ಎಂಬ ಉತ್ತರ ಬಂತು. ಅದು ಕ್ಷಯದ ಕಡೆಗೆ ತೂಗುವ ಮಾತು. ಎರಡನೆಯ ಸಲದ ಎಂಟು ತುಂಡುಗಳಲ್ಲಿ ಮೂರರಲ್ಲಿ ಸಬ್‌ಮ್ಯೂಕೋಸಾ ಇತ್ತು. ಅಲ್ಲಿ ಗ್ರಾನುಲೋಮಾಗಳು ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಮೊಸರು ಒಡೆದಂತೆ ಸತ್ತ ಭಾಗದೊಂದಿಗೆ ಕುಳಿತಿದ್ದವು. ಕ್ಷಯದ ರೋಗಾಣುಗಳನ್ನು ತೋರಿಸುವ ಜೀಲ್-ನೀಲ್ಸನ್ ಬಣ್ಣದಲ್ಲಿ ಆ ಕೆಂಪು ಕಡ್ಡಿಗಳು ಸಿಗಲಿಲ್ಲ. ಕರುಳಿನಲ್ಲಿ ಅವು ಸಿಗದಿರುವುದೇ ಹೆಚ್ಚು. ಕಲ್ಚರ್ ಐದನೆಯ ವಾರದಲ್ಲಿ ಬೆಳೆಯಿತು. ಅಷ್ಟರಲ್ಲಿ ಕ್ಷಯದ ಮಾತ್ರೆ ಶುರುವಾಗಿ, ಹುಡುಗನ ಜ್ವರ ಇಳಿದಿತ್ತು.

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಪದರ ಎಂಬುದು ನೇರವಾಗಿ ಹಂತವೇ ಆಗುತ್ತದೆ. ಸಬ್‌ಮ್ಯೂಕೋಸಾಕ್ಕೆ ಇಳಿದರೆ ಟಿ1, ದಪ್ಪ ಸ್ನಾಯುವಿಗೆ ಟಿ2, ಸ್ನಾಯು ದಾಟಿ ಕೊಬ್ಬಿಗೆ ಟಿ3, ಹೊರಗಿನ ಪೊರೆ ಹರಿದರೆ ಅಥವಾ ಪಕ್ಕದ ಅಂಗಕ್ಕೆ ತಾಗಿದರೆ ಟಿ4. ಮ್ಯೂಕೋಸಾದೊಳಗೇ ಉಳಿದದ್ದಕ್ಕೆ ಇಲ್ಲಿ ಟಿ1 ಎಂಬ ಹೆಸರೂ ಇಲ್ಲ. ದೊಡ್ಡ ಕರುಳಿನ ಮ್ಯೂಕೋಸಾದಲ್ಲಿ ಕ್ಯಾನ್ಸರ್ ಹರಡುವ ದಾರಿಯಾದ ದುಗ್ಧನಾಳಗಳು (ಲಿಂಫ್ ನಾಳಗಳು) ತೀರ ವಿರಳವಾದ್ದರಿಂದ ಅಲ್ಲಿಂದ ಅದು ಬೇರೆಡೆಗೆ ಹರಡುವುದಿಲ್ಲವೆಂದೇ ಎಣಿಕೆ. ಜಠರದಲ್ಲಿ ಇದೇ ಆಳಕ್ಕೆ ಟಿ1ಎ ಎನ್ನುತ್ತೇವೆ.

ಡೊಂಬಿವಿಲಿಯ ನಿವೃತ್ತ ಕನ್ನಡ ಮೇಷ್ಟರೊಬ್ಬರ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಿಂದ ತೊಟ್ಟಿನ ಮೇಲೆ ಎದ್ದ ಗಂಟು, ಹೀಗೆಯೇ ಬಂದಿತ್ತು, ಬೇರೆಡೆ ಓದಿಸಿದ ‘ಕ್ಯಾನ್ಸರ್’ ಎಂಬ ವರದಿಯೊಂದಿಗೆ. ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ತುಂಡು ಕೂರಿಸಿದ ಮೇಣದ ಬ್ಲಾಕ್ ತರಿಸಿ ನೋಡಿದರೆ ತೊಟ್ಟನ್ನು ಓರೆಯಾಗಿ ಕತ್ತರಿಸಿದ್ದರು. ಗ್ರಂಥಿಗಳು ಸಬ್‌ಮ್ಯೂಕೋಸಾದ ನಡುವೆ ತೇಲಿದಂತೆ ಕಾಣುತ್ತಿದ್ದವು. ಮೇಣ ಕರಗಿಸಿ, ತೊಟ್ಟಿನ ಉದ್ದಕ್ಕೆ ಬ್ಲೇಡು ಹಾಯುವಂತೆ ಕೂರಿಸಿ, ಹನ್ನೆರಡು ಹಂತಗಳಲ್ಲಿ ಕತ್ತರಿಸಿದೆವು. ಮಸ್ಕ್ಯುಲಾರಿಸ್ ಮ್ಯೂಕೋಸಿಯ ಎಳೆ ತೊಟ್ಟಿನ ಒಂದು ಬದಿಯಿಂದ ಏರಿ, ತಲೆಯನ್ನು ಬಳಸಿ, ಇನ್ನೊಂದು ಬದಿಗೆ ಎಲ್ಲಿಯೂ ಕಡಿಯದೆ ಇಳಿದಿತ್ತು. ಕೆಟ್ಟ ಕೋಶಗಳೆಲ್ಲ ಅದರ ಮೇಲೆಯೇ ಇದ್ದವು, ಪಾಲಿಪನ್ನು ಕತ್ತರಿಸಿ ತೆಗೆದ ಸುಟ್ಟ ಅಂಚು ಶುದ್ಧವಾಗಿತ್ತು. ಶಸ್ತ್ರವೈದ್ಯರು ಆ ಸಂಜೆ ಬಂದು ಸೂಕ್ಷ್ಮದರ್ಶಕದ ಎರಡನೆಯ ಕಣ್ಣಿನಲ್ಲಿ ಆ ಎಳೆಯನ್ನು ತುದಿಯಿಂದ ತುದಿಯವರೆಗೆ ನನ್ನೊಂದಿಗೆ ನೋಡಿದರು, ಮತ್ತು ಗುರುವಾರದ ಪಟ್ಟಿಯಿಂದ ಮೇಷ್ಟರ ಹೆಸರನ್ನು ತೆಗೆಸಿದರು.