ಅಣ್ಣನ ಎಡಗೈ ಎಲ್ಲಿ ಹೋತು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಹಡಿ ಮೇಲೆ ಒಂದೇ ಕೋಣೆ, ಅದೇ ನನ್ನ ಸ್ಟುಡಿಯೊ. ಭಜನೆ, ತತ್ವಪದ, ಸೋಬಾನೆ. ಚುನಾವಣೆ ಬಂತೆಂದರೆ ಪ್ರಚಾರದ ಹಾಡು. ಹಾಡುವವರ ಕಿವಿಗೆ ಹಾಕುವ ಹೆಡ್‌ಫೋನ್ ಕ್ಲೋಸ್ಡ್ ಬ್ಯಾಕ್ ಆಗಿರಲೇಬೇಕು, ಅಂದರೆ ಕಿವಿಯ ಮೇಲೆ ಕೂರುವ ಬಟ್ಟಲಿನ ಹಿಂಬದಿ ಮುಚ್ಚಿರಬೇಕು. ಹಿಂಬದಿ ತೆರೆದ ಓಪನ್ ಬ್ಯಾಕ್ ಕೊಟ್ಟರೆ, ಹಾಡುವವರಿಗೆ ಲಯ ತಪ್ಪದಿರಲಿ ಎಂದು ಕೇಳಿಸುವ ತಾಳದ ಟಿಕ್ ಟಿಕ್ ಮೈಕಿಗೆ ಸೋರುತ್ತದೆ. ಒಮ್ಮೆ ಹಾಗಾಗಿ ಇಡೀ ಭಜನೆ ಮತ್ತೆ ಹಾಡಿಸಬೇಕಾಯಿತು. ಹಾಡಿದ ಅಜ್ಜ ಇವತ್ತಿಗೂ ಸಿಕ್ಕಲ್ಲೆಲ್ಲ ಅದನ್ನೇ ಎತ್ತಿ ಆಡುತ್ತಾರೆ.

ಬೆಂಗಳೂರಿನ ಆಡಿಯೊ ಪ್ರದರ್ಶನಕ್ಕೆ ಹೊಸ ಕ್ಲೋಸ್ಡ್ ಬ್ಯಾಕ್ ಒಂದು ಬಂದಿದೆ ಎಂದು ಗೊತ್ತಾಗಿ ಬೆಳಗಿನ ಜಾವದ ಬಸ್ಸು ಹತ್ತಿದೆ. ಜೊತೆಗೆ ನಮ್ಮ ಡೊಳ್ಳಿನ ತಂಡದ ಅಣ್ಣ; ಸಂಜೆ ಅವರ ಕಾರ್ಯಕ್ರಮ ಅಲ್ಲೇ ಇತ್ತು. ನನ್ನ ಮೊಬೈಲಿನಲ್ಲಿ ಅವರದೇ ಡೊಳ್ಳು: ದನಿಯನ್ನು ಕುಗ್ಗಿಸದೆ ಇಟ್ಟ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲು. ಮಳಿಗೆಯವರು ಹಾಕುವ ಹಾಡು ಅವರ ಮಾಲಿಗೆ ಒಗ್ಗುವಂಥದ್ದೇ ಆಗಿರುತ್ತದೆ, ಅದನ್ನು ಕೇಳಿ ತೀರ್ಮಾನ ಮಾಡಿದರೆ ಮಾರುವವನ ತಕ್ಕಡಿ ನಂಬಿದ ಹಾಗೆ. ಈ ಡೊಳ್ಳಿನ ಎದುರು ನಾನೇ ಕೂತು ರೆಕಾರ್ಡ್ ಮಾಡಿದ್ದೆ. ಬಲಗೈಯಲ್ಲಿ ಕೋಲು, ಎಡಗೈ ಬರೀ ಅಂಗೈ. ಎರಡೂ ಹೇಗೆ ಕೇಳಬೇಕು ಅನ್ನೋದು ನನಗೆ ಗೊತ್ತು.

ಹೆಡ್‌ಫೋನ್ ಹಾಕಿಕೊಂಡೆ. ಕೋಲಿನ ಪೆಟ್ಟು ಚುರುಕಾಗಿತ್ತು, ತಾಳದ ಝಣ್ ಕೂಡ ಚೆನ್ನಾಗಿತ್ತು. ಎಡಗೈಯ ಗುಮ್ ಮಾತ್ರ ಇಲ್ಲವೇ ಇಲ್ಲ. ಇಷ್ಟು ದುಡ್ಡಿಗೆ ಇದಾ ಅನ್ನಿಸಿ, ಸುಮ್ಮನೆ ಅಣ್ಣನ ತಲೆಗೆ ಹಾಕಿದೆ.

‘ಅಣ್ಣಾ, ನಿಮ್ಮ ಎಡಗೈ ಎಲ್ಲಿ ಹೋತು?’

ಅವರು ಕಣ್ಣು ಮುಚ್ಚಿ ತೊಡೆ ತಟ್ಟುತ್ತಾ, ‘ಇಲ್ಲೇ ಐತಲ್ಲೋ ತಮ್ಮಾ, ಎದೀಗೆ ಬಡೀತದ’ ಅಂದರು.

ಅವರಿಗೆ ಕನ್ನಡಕ ಇಲ್ಲ, ನನಗೆ ಇದೆ. ದಪ್ಪ ಫ್ರೇಮಿನ ಕಡ್ಡಿ ಕಿವಿಯ ಹತ್ತಿರ ಬಟ್ಟಲಿನ ಅಂಚಿನ ಮೆತ್ತನೆ ಪ್ಯಾಡನ್ನು ಎತ್ತಿ ಹಿಡಿದಿತ್ತು. ಕ್ಲೋಸ್ಡ್ ಬ್ಯಾಕ್‌ನಲ್ಲಿ ಪ್ಯಾಡು ಸುತ್ತಲೂ ಬಿಗಿಯಾಗಿ ಕೂರದಿದ್ದರೆ ಮೊದಲು ಸೋರಿಹೋಗುವುದು ಗುಮ್ ಅನ್ನುವ ಕೆಳದನಿಯೇ. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡೆ. ಗುಮ್ ಅಂತು! ಹದಿನೈದು ವರ್ಷ ಇದೇ ಕಸುಬು ಮಾಡಿಕೊಂಡು ಬಂದವನು, ಅಲ್ಲೇ ನಾಚಿಕೆ ಆಯ್ತು.

ಆಮೇಲೆ ವಾಲ್ಯೂಮ್. ಹಾಲಿನ ತುಂಬ ಜನ, ಏಸಿ ಗುಂಯ್‌ಗುಡುತ್ತಿತ್ತು. ಮುಚ್ಚಿದ ಬಟ್ಟಲು ಹೊರಗಿನ ಮಾತನ್ನು ತಡೆದಷ್ಟು ಈ ಗುಂಯ್‌ಗುಡುವಿಕೆಯನ್ನು ತಡೆಯಲ್ಲ. ಅದು ಹಾಡಿನ ಕೆಳದನಿಯನ್ನು ನುಂಗುತ್ತದೆ, ನಾವು ಅರಿವಿಲ್ಲದೆ ನಾಬ್ ತಿರುಗಿಸುತ್ತಾ ಹೋಗುತ್ತೇವೆ. ಜೋರಾಗಿ ಕೇಳಿದ್ದೇ ಚೆಂದ ಅನ್ನಿಸುವುದು ಕಿವಿಯ ಗುಣ. ಹಾಗಾಗಿ ವಾಲ್ಯೂಮ್ ಇಳಿಸಿ, ಒಯ್ದಿದ್ದ ನನ್ನ ಹಳೇ ಸೋನಿ ಎಂಡಿಆರ್-7506 ಜೊತೆ ಸರಿಸಮ ಮಾಡಿಕೊಂಡು ಎರಡನ್ನೂ ಅದಲುಬದಲು ಮಾಡಿ ಕೇಳಿದೆ. 1991ರಿಂದ ಮಾರುಕಟ್ಟೆಯಲ್ಲಿರುವ ಮಾಡೆಲ್ ಅದು, ಎಷ್ಟೋ ಸ್ಟುಡಿಯೊಗಳಲ್ಲಿ ಇದೆ. ಹೊಸದರಲ್ಲಿ ಡಬ್ಬಿಯೊಳಗಿನ ದನಿ ಕಡಿಮೆ. ಡ್ರೈವರಿನ, ಅಂದರೆ ಒಳಗಿನ ಪುಟ್ಟ ಸ್ಪೀಕರಿನ, ಹಿಂದೆ ಹೊರಟ ಸದ್ದು ಬಟ್ಟಲಿನ ಗೋಡೆಗೆ ಬಡಿದು ವಾಪಸ್ ಬರುವುದರಿಂದ ಆಗುವ ತೊಂದರೆ ಅದು. ಹೆಣ್ಣುದನಿ ತಾರಕಕ್ಕೆ ಏರಿದಾಗ ಮಾತ್ರ ಹೊಸದರಲ್ಲೂ ಅದು ಸ್ವಲ್ಪ ಕೇಳಿಸಿತು.

ಹೆಡ್‌ಫೋನಿಗೆ ಬಲ ಕೊಡುವ ಮಳಿಗೆಯವರ ಆಂಪ್ ದೊಡ್ಡದು; ಮೊಬೈಲಿನ ಬಲ ಅಷ್ಟಿಲ್ಲ. ವೈರ್ ಕಿತ್ತು ನನ್ನ ಮೊಬೈಲಿನ ಡಾಂಗಲ್‌ಗೆ ಚುಚ್ಚಿದೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಎಂಬ ಒಂದೇ ಮಾಡೆಲ್ 32, 80, 250 ಓಮ್‌ಗಳಲ್ಲಿ ಬಂದಿದೆ. ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ; 250ರದ್ದನ್ನು ಮೊಬೈಲಿಗೆ ಚುಚ್ಚಿದರೆ ದನಿ ಸೊರಗುತ್ತದೆ. ಈ ಹೊಸದು ಸೊರಗಲಿಲ್ಲ.

ಪ್ಯಾಡಿನ ವಿಚಾರ ಕೇಳಿದ್ದಕ್ಕೆ ಮಳಿಗೆಯ ಹುಡುಗ ತಬ್ಬಿಬ್ಬಾದ. ನಮ್ಮೂರ ಏಪ್ರಿಲ್ ಬಿಸಿಲು, ಹಾಡುವವರ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಇಷ್ಟನ್ನು ತಡೆಯುವ ರೆಕ್ಸಿನ್ ನಾನಿನ್ನೂ ನೋಡಿಲ್ಲ. ಬದಲಿ ಪ್ಯಾಡು ಸಿಗುತ್ತದಾ, ಎಷ್ಟಕ್ಕೆ? ‘ಕೇಳಿ ಹೇಳ್ತೀನಿ ಸರ್’ ಅಂದ. ಇನ್ನೂ ಹೇಳಿಲ್ಲ. ಅದಕ್ಕೇ ಕೊಂಡಿಲ್ಲ. ಹತ್ತು ನಿಮಿಷ ಕೇಳಿ ಪೂರ್ತಿ ತೀರ್ಪು ಕೊಡುವುದು ನ್ಯಾಯವಲ್ಲ ಅಂತ ಹೆಸರನ್ನೂ ಬರೆದಿಲ್ಲ.

ಊರಿಗೆ ಬಂದ ಮೇಲೆ ಮಾಡಿದ ಖರ್ಚು ಒಂದೇ: ಅಶೋಕ ರಸ್ತೆಯಲ್ಲಿ ತೆಳು ತಂತಿ ಕಡ್ಡಿಯ ಕನ್ನಡಕ. ಹಳೇ ಹೆಡ್‌ಫೋನಿನಲ್ಲೂ ಅಣ್ಣನ ಎಡಗೈ ಈಗ ಇನ್ನಷ್ಟು ಜೋರಾಗಿ ಕೇಳುತ್ತಿದೆ.