ಶಾಲಾ ಬಸ್ಸುಗಳು ಬರುವ ಮೊದಲು, ಹೋದ ಮೇಲೆ: ಡಿಸೆಂಬರ್ ಆರಂಭದಲ್ಲಿ ಖೋಪೋಲಿಯ ಇಮ್ಯಾಜಿಕಾ

ಮುಂಬೈ-ಪುಣೆ ನಡುವಿನ ಖೋಪೋಲಿಯ ಬಳಿ ಇರುವ ಮನರಂಜನಾ ಪಾರ್ಕ್ ಇಮ್ಯಾಜಿಕಾಗೆ ಯಾವಾಗ ಹೋಗುವುದು ಒಳ್ಳೆಯದು ಎಂದು ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡಿಗ ಗೆಳೆಯರು ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: ಡಿಸೆಂಬರ್ ಮೊದಲರ್ಧ, ಮಂಗಳವಾರದಿಂದ ಗುರುವಾರದೊಳಗೆ. ಆ ಹೊತ್ತಿಗೆ ದೀಪಾವಳಿ ರಜೆ ಮುಗಿದಿರುತ್ತದೆ, ಕ್ರಿಸ್‌ಮಸ್ ರಜೆ ಶುರುವಾಗಿರುವುದಿಲ್ಲ. ಬಿಸಿಲಿಗೆ ಮೇ ತಿಂಗಳ ಉರಿಯೂ ಇರುವುದಿಲ್ಲ. ಮಕ್ಕಳಿಗೆ ಶಾಲೆ ತಪ್ಪಿಸಬೇಕಲ್ಲ ಎಂದು ಹಿಂಜರಿಯುವವರಿದ್ದಾರೆ. ಒಂದು ದಿನದ ಪಾಠವನ್ನು ಮನೆಯಲ್ಲಿ ಕೂರಿಸಿ ಓದಿಸಬಹುದು. ರಜೆಯಲ್ಲಿ ಹೋಗಿ ಬಿಸಿಲಿನ ಸಾಲಿನಲ್ಲಿ ಕಳೆದುಕೊಂಡ ದಿನವನ್ನು ಮಾತ್ರ ಯಾರೂ ತುಂಬಿಕೊಡಲಾರರು.

ಆದರೆ ವಾರದ ನಡುವೆ ಪಾರ್ಕ್ ಖಾಲಿ ಇರುತ್ತದೆಂದು ತಿಳಿಯಬೇಡಿ. ಮಹಾರಾಷ್ಟ್ರದ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದೂ ಇದೇ ದಿನಗಳಲ್ಲಿ. ಸಾಲುಗಟ್ಟಿ ಬಸ್ಸುಗಳು ಬರುತ್ತವೆ, ಒಂದೇ ಬಣ್ಣದ ಟೋಪಿ ಹಾಕಿಕೊಂಡ ನೂರಾರು ಮಕ್ಕಳು ಇಳಿಯುತ್ತಾರೆ. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಮಕ್ಕಳ ಆ ಗದ್ದಲವೇ ಅಲ್ಲಿನ ಕಳೆ. ನಮಗೆ ಅನುಕೂಲವೆಂದರೆ ಶಾಲೆಯ ಗುಂಪಿಗೆ ವೇಳಾಪಟ್ಟಿ ಇರುತ್ತದೆ. ಬಸ್ಸಿನಿಂದಿಳಿದು, ಎಣಿಕೆ ಮುಗಿದು, ಶಿಕ್ಷಕರ ಸೂಚನೆ ಕೇಳಿ ಒಳಗೆ ಬರಲು ಅವರಿಗೆ ತಡವಾಗುತ್ತದೆ. ಊಟಕ್ಕೆ ಎಲ್ಲರೂ ಒಟ್ಟಿಗೇ ಏಳುತ್ತಾರೆ. ಕತ್ತಲಾಗುವ ಮೊದಲು ಮಕ್ಕಳನ್ನು ಮನೆ ಮುಟ್ಟಿಸಬೇಕಾದ್ದರಿಂದ ನಾಲ್ಕು ಗಂಟೆಯ ಸುಮಾರಿಗೆ ಬಸ್ಸಿನತ್ತ ತಿರುಗುತ್ತಾರೆ. ಈ ಮೂರು ಹೊತ್ತುಗಳನ್ನು ಗಮನದಲ್ಲಿಟ್ಟುಕೊಂಡೇ ನಾನು ದಿನವನ್ನು ಹೆಣೆಯುವುದು.

ಕಳೆದ ಸಲ ಜೊತೆಗಿದ್ದವರು ಧಾರವಾಡದಿಂದ ಬಂದಿದ್ದ ಅವ್ವ, ನನ್ನ ಮಗಳು ಮತ್ತು ಪುಣೆಯ ಅಕ್ಕನ ಮಗ. ದಿನ ಗೊತ್ತುಮಾಡುವಾಗ ಡಿಸೆಂಬರ್ 6 ಮತ್ತು ಅದರ ಹಿಂದಿನ ದಿನವನ್ನು ಮೊದಲೇ ಕೈಬಿಟ್ಟೆ. 6ರಂದು ಬಾಬಾಸಾಹೇಬ್ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ಅವರ ಅಂತ್ಯಸಂಸ್ಕಾರ ನಡೆದ ಮುಂಬೈ ದಾದರಿನ ಚೈತ್ಯಭೂಮಿಗೆ ದೂರದೂರದಿಂದ ಲಕ್ಷಾಂತರ ಜನ ಬರುತ್ತಾರೆ. ಆ ಹೊತ್ತಿನಲ್ಲಿ ಲೋಕಲ್ ರೈಲಿನ ಜಾಗ ಅವರಿಗಿರಲಿ ಎಂಬುದು ನನ್ನ ಭಾವನೆ.

ಕಾರಿನಲ್ಲಿ ಹೋಗುವವರಿಗೆ ಎಕ್ಸ್‌ಪ್ರೆಸ್‌ವೇ ಇದೆ. ನಾವು ರೈಲನ್ನೇ ಆರಿಸಿಕೊಂಡೆವು. ಬೆಳಗಿನ ಹೊತ್ತು ಡೊಂಬಿವಲಿಯಲ್ಲಿ ಮುಂಬೈ ಕಡೆಯ ಲೋಕಲ್‌ಗೆ ಕಾಲಿಡಲೂ ಆಗುವುದಿಲ್ಲ. ಎದುರು ದಿಕ್ಕಿಗೆ ಕರ್ಜತ್ ಕಡೆ ಹೋಗುವ ಗಾಡಿಯಲ್ಲಿ ಅವ್ವನಿಗೆ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಖೋಪೋಲಿಗೆ ನೇರ ಲೋಕಲ್‌ಗಳು ಕಡಿಮೆ, ಕರ್ಜತ್‌ನಲ್ಲಿ ಇಳಿದು ಬದಲಾಯಿಸಬೇಕಾಗುತ್ತದೆ. ಈ ಬದಲಾವಣೆ ನನಗೆ ಇಷ್ಟ. ಪುಣೆಯತ್ತ ಹೋಗುವ ದೊಡ್ಡ ಗಾಡಿಗಳಿಗೆ ಭೋರ್ ಘಾಟ್ ಹತ್ತಲು ಇಲ್ಲೇ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನು ಜೋಡಿಸುತ್ತಾರೆ. ಅಲ್ಲಿನ ಏರು 37 ಅಡಿಗೆ ಒಂದು ಅಡಿ. ಎಂಜಿನ್ ನಿಧಾನವಾಗಿ ಬಂದು ಕೊನೆಯ ಬೋಗಿಗೆ ತಾಗಿ, ಕೊಂಡಿ ಬಿಗಿದುಕೊಳ್ಳುವವರೆಗೂ ಮಕ್ಕಳು ಪ್ಲಾಟ್‌ಫಾರ್ಮ್ ತುದಿಯಿಂದ ಅಲುಗಲಿಲ್ಲ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ನಾವು ಬಿಚ್ಚಿದ್ದು ಅಲ್ಲೇ. ಪಾರ್ಕಿನೊಳಗೆ ಹೊರಗಿನ ತಿಂಡಿಗೆ ಅವಕಾಶವಿಲ್ಲದ್ದರಿಂದ ಬೆಳಗಿನ ಹೊಟ್ಟೆ ಗಟ್ಟಿಯಾಗಿ ತುಂಬಿರಬೇಕು. ಖೋಪೋಲಿಯಿಂದ ಪಾಲಿ ರಸ್ತೆಯಲ್ಲಿ ಆಟೋ ಹಿಡಿದರೆ ಪಾರ್ಕ್ ಮುಟ್ಟಬಹುದು. ಮುಂಬೈಗೆ ಜಲವಿದ್ಯುತ್ ಕೊಡಲೆಂದು ಟಾಟಾ ಕಂಪನಿ 1915ರಲ್ಲಿ ವಿದ್ಯುದಾಗಾರ ಶುರುಮಾಡಿದ ಊರಿದು ಎಂದು ಹೇಳಿದಾಗ ಅವ್ವ ಬೆಟ್ಟದ ಕಡೆ ಕತ್ತೆತ್ತಿ ನೋಡಿದಳು.

ಬಾಗಿಲು ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ನಿಂತಿದ್ದೆವು. ಟಿಕೆಟ್ ಮೊಬೈಲಿನಲ್ಲಿ ಮುಂಚೆಯೇ ತೆಗೆದಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಜನರೆಲ್ಲ ಮೊದಲು ಕಣ್ಣಿಗೆ ಬಿದ್ದ ಆಟದ ಮುಂದೆ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ. ನಾವು ಅವ್ವನನ್ನು ನೆರಳಿನ ಬೆಂಚಿನಲ್ಲಿ ಕೂರಿಸಿ ನೇರವಾಗಿ ನೈಟ್ರೋ ಕಡೆ ನಡೆದೆವು. ಸ್ವಿಟ್ಜರ್ಲೆಂಡಿನ ಬೋಲಿಗರ್ ಆ್ಯಂಡ್ ಮಬಿಲಾರ್ಡ್ ಕಂಪನಿ ಮಾಡಿದ, ಐದು ಕಡೆ ತಲೆಕೆಳಗಾಗಿಸುವ ರೋಲರ್ ಕೋಸ್ಟರ್ ಇದು. 2013ರಿಂದ ಇದೆ. ಕುಳಿತು, ಭುಜದ ಮೇಲಿನ ಕವಚ ಇಳಿದು, ಸಿಬ್ಬಂದಿ ಒಬ್ಬೊಬ್ಬರದನ್ನೂ ಎಳೆದು ಪರೀಕ್ಷಿಸಿದ ಮೇಲೆ ಕಾಲ ಕೆಳಗಿನ ನೆಲವೇ ಸರಿದುಹೋಗುತ್ತದೆ. ಪಾದಗಳು ಗಾಳಿಯಲ್ಲಿ ತೂಗಾಡುತ್ತವೆ. ಮೊದಲ ಇಳಿಜಾರಿಗಿಂತ ನನ್ನ ಎದೆ ಹೊಡೆದುಕೊಂಡದ್ದು ಆ ಕ್ಷಣದಲ್ಲಿ. ಅಕ್ಕನ ಮಗ “ಮಾಮಾ, ಕಣ್ಣು ಮುಚ್ಚಬೇಡಿ” ಎಂದು ಪಕ್ಕದಿಂದ ಕೂಗುತ್ತಿದ್ದ. ಸಾಲು ಬೆಳೆದಿರದ ಕಾರಣ ಇಳಿದವರು ಹಾಗೆಯೇ ಸುತ್ತಿಬಂದು ಇನ್ನೊಮ್ಮೆ ಕೂತೆವು. ಎತ್ತರದ ಅಳತೆಪಟ್ಟಿ ಆಟದ ಬಾಗಿಲಲ್ಲೇ ಇರುತ್ತದೆ. ಅಲ್ಲಿ ಹೋದ ಮೇಲೆ ಮಗು ಅಳುವಂತಾಗಬಾರದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು, ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಹನ್ನೊಂದೂವರೆ ದಾಟುತ್ತಿದ್ದಂತೆ ಟೋಪಿಗಳ ಪ್ರವಾಹ ಒಳಗೆ ನುಗ್ಗಿತು. ಆಗ ನಾನು ಸಾಲನ್ನು ಕಣ್ಣಳತೆಯಲ್ಲಿ ನಂಬುವುದಿಲ್ಲ. ಎದುರಿಗೆ ನಿಂತು ಎರಡು ಸುತ್ತು ನೋಡುತ್ತೇನೆ. ಒಂದು ಸುತ್ತಿಗೆ 24 ಜನ ಕೂತು, ಮೂರು ನಿಮಿಷಕ್ಕೊಂದು ಸುತ್ತು ಹೊರಟರೆ ಗಂಟೆಗೆ 480 ಜನ. ಮುಂದೆ 240 ಜನರಿದ್ದರೆ ಅರ್ಧ ಗಂಟೆ ಕಾಯಬೇಕು. ಉದ್ದವಾಗಿ ಕಂಡ ಸಾಲು ಎಷ್ಟೋ ಸಲ ಬೇಗ ಕರಗುತ್ತದೆ. ಎಂಟು ಜನರನ್ನಷ್ಟೇ ಹೊತ್ತು ನಿಧಾನವಾಗಿ ತಿರುಗುವ ಪುಟ್ಟ ಆಟದ ಗಿಡ್ಡ ಸಾಲೇ ಹೊತ್ತು ನುಂಗುತ್ತದೆ. ಮಗಳು ಈಗ ಈ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಾಳೆ.

ನಡು ಮಧ್ಯಾಹ್ನ ಅವ್ವನ ಪಾಲು. ಅವಳಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನೂ ಕಾಯಿಲೆಯಿಲ್ಲ. ಆದರೂ ಬಾಗಿಲಲ್ಲಿ ಬರೆದಿದ್ದ ಎಚ್ಚರಿಕೆಗಳನ್ನೆಲ್ಲ ಓದಿ ಹೇಳಿದ ಮೇಲೆಯೇ ‘ಐ ಫಾರ್ ಇಂಡಿಯಾ’ಕ್ಕೆ ಕರೆದೊಯ್ದೆ. ಕುರ್ಚಿಗಳ ಸಾಲು ದೊಡ್ಡ ಬಾಗಿದ ಪರದೆಯ ಮುಂದೆ ತೂಗುತ್ತದೆ. ಹಿಮದ ಶಿಖರ, ಕೋಟೆ, ಹೊಳೆಗಳ ಮೇಲೆ ಹಾರಿಹೋದಂತೆ ಭಾಸವಾಗುತ್ತದೆ. ಅವ್ವ ಸೆರಗನ್ನು ಒಂದು ಕೈಯಲ್ಲಿ, ನನ್ನ ಮುಂಗೈಯನ್ನು ಇನ್ನೊಂದರಲ್ಲಿ ಬಿಗಿಯಾಗಿ ಹಿಡಿದಿದ್ದಳು. ದೀಪ ಹತ್ತಿದ ಮೇಲೆ ಕೇಳಿದ್ದು, “ಇನ್ನೊಮ್ಮೆ ತೋರಿಸುತ್ತಾರೇನು?” ಶಾಲೆಯ ಮಕ್ಕಳು ಊಟಕ್ಕೆ ಹೋಗಿದ್ದ ಹೊತ್ತಾದ್ದರಿಂದ ಇನ್ನೊಮ್ಮೆಯೂ ನೋಡಲಾಯಿತು. ನಮ್ಮ ಊಟ ಅವರೆಲ್ಲ ಎದ್ದ ಮೇಲೆ, ಎರಡೂವರೆಗೆ.

ನೀರಿನ ಆಟಕ್ಕೆ ಸರಿಯಾದ ಹೊತ್ತು ಮೂರು ಗಂಟೆ. ಡಿಸೆಂಬರಿನಲ್ಲಿ ಬೆಟ್ಟದ ಬುಡದ ಬೆಳಗು, ಸಂಜೆ ಎರಡೂ ತಣ್ಣಗಿರುತ್ತವೆ. ಒದ್ದೆ ಬಟ್ಟೆಯಲ್ಲಿ ಆಟೋ ಹತ್ತಿದರೆ ನಡುಕ ಖಂಡಿತ. ರಾಜಾಸಾರಸ್ ದೋಣಿಯಾಟದಲ್ಲಿ ಮುಂದಿನ ಸಾಲಿನಲ್ಲಿ ಕೂತವರು ಕೊನೆಯ ಧುಮುಕಿನಲ್ಲಿ ತೋಯುತ್ತಾರೆ. ರಾಜಾಸಾರಸ್ ನಿಜವಾಗಿ ಭಾರತದಲ್ಲಿದ್ದ ಡೈನೋಸಾರ್, ನರ್ಮದಾ ಕಣಿವೆಯಲ್ಲಿ ಸಿಕ್ಕ ಎಲುಬುಗಳಿಂದ 2003ರಲ್ಲಿ ಅದಕ್ಕೆ ಹೆಸರಿಟ್ಟರು. ಇದನ್ನು ಸಾಲಿನಲ್ಲಿ ನಿಂತಾಗಲೇ ಮಕ್ಕಳಿಗೆ ಹೇಳಿದರೆ ದೋಣಿಯಲ್ಲಿ ಅವರು ನೋಡುವ ರೀತಿಯೇ ಬೇರೆಯಾಗುತ್ತದೆ.

ನಾಲ್ಕೂವರೆಗೆ ಟೋಪಿಗಳು ಕಡಿಮೆಯಾದವು. ಬೆಳಿಗ್ಗೆ ಬಿಟ್ಟ ಆಟಗಳನ್ನೆಲ್ಲ ಮಕ್ಕಳು ಕಾಯದೆ ಆಡಿದ್ದು ಆಮೇಲೆಯೇ. ಇಡೀ ದಿನದಲ್ಲಿ ನಾನು ಬಿಟ್ಟುಕೊಡಲಾರದ ಹೊತ್ತು ಇದು. ಆದರೆ ಖೋಪೋಲಿಯಿಂದ ಕರ್ಜತ್‌ಗೆ ಗಾಡಿಗಳು ಬಿಟ್ಟು ಬಿಟ್ಟು ಬರುತ್ತವೆ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಕಾಯಬೇಕು. ಹಾಗಾಗಿ ಬೆಳಿಗ್ಗೆ ಬಿಟ್ಟ ಆಟೋದವರ ಜೊತೆಯೇ ವಾಪಸಿನ ಹೊತ್ತನ್ನೂ ಬಾಡಿಗೆಯನ್ನೂ ಮಾತಾಡಿಕೊಳ್ಳಿ. ಕರ್ಜತ್‌ನಲ್ಲಿ ಬಟಾಟೆ ವಡೆ ಕೊಂಡು, ಅಲ್ಲಿಂದಲೇ ಹೊರಡುವ ಲೋಕಲ್‌ಗಾಗಿ ಕಾದು ಹತ್ತಿದರೆ ಮನೆಯವರಿಗೆಲ್ಲ ಸೀಟು ಸಿಗುತ್ತದೆ.